ಇಂಕ್ ಟ್ಯಾಂಕೋ ಲೇಸರೋ? ಕುಂಬಳೆ ಕಡೆಯ ಮಳೆಗಾಲ ಕಂಡ ಎರಡು ಪ್ರಿಂಟರ್‌ಗಳ ವಿಮರ್ಶೆ

ಇಲ್ಲಿ ಹೇಳುತ್ತಿರುವುದು ಎರಡು ಯಂತ್ರಗಳ ಬಗ್ಗೆ: ಎಪ್ಸನ್ ಎಲ್3250 ಇಂಕ್ ಟ್ಯಾಂಕ್, ಬ್ರದರ್ ಎಚ್‌ಎಲ್-ಎಲ್2321ಡಿ ಕಪ್ಪು-ಬಿಳುಪು ಲೇಸರ್. ಕಾಸರಗೋಡು ಜಿಲ್ಲೆಯ ಕುಂಬಳೆ ಸಮೀಪ ಹಂಚಿನ ಮಾಡಿನ ಒಂದೇ ಕೋಣೆಯಲ್ಲಿ ಎರಡೂ ಕೆಲವು ಮಳೆಗಾಲ ದುಡಿದಿವೆ. ಕೆಲಸ ಈ ಕಡೆಯ ಸಣ್ಣ ಆಫೀಸಿನದ್ದೇ: ಪಂಚಾಯತು, ವಿಲೇಜ್ ಆಫೀಸಿನ ಅರ್ಜಿ, ಅಡಿಕೆ ವ್ಯಾಪಾರದ ಬಿಲ್ಲು, ಕನ್ನಡ ಮಾಧ್ಯಮ ಶಾಲೆಯ ಪ್ರಶ್ನೆಪತ್ರಿಕೆ, ಜಾತ್ರೆಯ ನೋಟೀಸು, ಪಾಸ್‌ಪೋರ್ಟ್ ಸೈಜಿನ ಫೋಟೋ.

ಒಂದೇ ಪ್ರಿಂಟರ್ ತೆಗೆದುಕೊಳ್ಳುವುದಾದರೆ, ಬಣ್ಣ ದಿನಾ ಬೇಕಿಲ್ಲದಿದ್ದರೆ, ಲೇಸರ್ ತೆಗೆದುಕೊಳ್ಳಿ. ಅಂಗಡಿಯಲ್ಲಿ ಎಲ್ಲರೂ ಪುಟದ ಖರ್ಚು ಕೇಳುತ್ತಾರೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಕಾಸರಗೋಡಿನಲ್ಲಿ ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ: ಯಂತ್ರ ಎಷ್ಟು ದಿನ ಸುಮ್ಮನೆ ಕೂರುತ್ತದೆ, ಕಾಗದ ಎಲ್ಲಿ ಇರುತ್ತದೆ?

ಆದರೂ ಖರ್ಚಿನ ಲೆಕ್ಕ ಮುಗಿಸಿಬಿಡೋಣ. ಎಲ್3250ಕ್ಕೆ ಹಾಕುವುದು 003 ಸರಣಿಯ 65 ಮಿಲಿಲೀಟರ್ ಬಾಟಲಿ. ಕಂಪನಿ ಹೇಳುವ ಲೆಕ್ಕ ಕಪ್ಪಿಗೆ 4500 ಪುಟ, ಮೂರು ಬಣ್ಣ ಸೇರಿ 7500 ಪುಟ. ಮೊದಲ ಸಲ ತುಂಬಿದಾಗ ಶಾಯಿಯ ಒಂದು ಪಾಲು ಕೊಳವೆ, ಶಾಯಿ ಚಿಮ್ಮಿಸುವ ಹೆಡ್ ತುಂಬಲಿಕ್ಕೇ ಹೋಗುವುದರಿಂದ ಆ ಸಲ ಅಷ್ಟು ಪುಟ ಬರುವುದಿಲ್ಲ. ಬ್ರದರ್‌ನ ಶಾಯಿಪುಡಿ ತುಂಬಿದ ಟಿಎನ್-2365 ಟೋನರ್‌ಗೆ 2600 ಪುಟ, ಆ ಪುಡಿಯನ್ನು ಹಾಳೆಗೆ ದಾಟಿಸುವ ಉರುಳೆ ಡ್ರಮ್ಮಿಗೆ 12000 ಪುಟ. ಟೋನರ್ 2600 ರೂಪಾಯಿಗೆ ಸಿಕ್ಕರೆ ಪುಟಕ್ಕೆ ಒಂದು ರೂಪಾಯಿ, ಡ್ರಮ್ಮಿನ ಪಾಲು ಮೇಲೆ. ಇಂಕ್ ಟ್ಯಾಂಕ್ ಪುಟಕ್ಕೆ ಪೈಸೆಗಳಲ್ಲಿ ಮುಗಿಯುತ್ತದೆ. ಖರ್ಚು ಒಂದನ್ನೇ ನೋಡಿದರೆ ಲೇಸರ್ ಸೋತಿತು.

ಶಾಯಿ ಯಂತ್ರದ ಗುಟ್ಟೆಲ್ಲ ಹೆಡ್ಡಿನಲ್ಲಿದೆ. ಕೂದಲಿಗಿಂತ ಸಣ್ಣ ತೂತುಗಳು. ಶಾಯಿ ಅಲ್ಲೇ ಒಣಗಿದರೆ ಅಕ್ಷರದ ನಡುವೆ ಬಿಳಿ ಗೆರೆ. ಕೆಲಸ ಇಲ್ಲದಾಗ ಹೆಡ್ ಬಲಬದಿಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ, ಆಗ ಬೇಗ ಒಣಗುವುದಿಲ್ಲ. ಆದರೆ ಪ್ರಿಂಟ್ ನಡೆಯುವಾಗಲೇ ಕರೆಂಟು ಹೋದರೆ ಹೆಡ್ ನಡುದಾರಿಯಲ್ಲಿ ಬಾಯಿ ತೆರೆದು ನಿಲ್ಲುತ್ತದೆ. ಕೆಲಸ ಮುಗಿಸಿ ಗೋಡೆಯ ಸ್ವಿಚ್ಚನ್ನೇ ಆರಿಸಿದರೂ ಇದೇ ಅಪಾಯ. ಆದ್ದರಿಂದ ಮೊದಲು ಯಂತ್ರದ ಬಟನ್ ಒತ್ತಿ, ಲೈಟು ಪೂರ್ತಿ ಆರಿದ ಮೇಲೆ ಸ್ವಿಚ್ ಆರಿಸಿ. ಪ್ರಿಂಟ್ ಮಾಡುವಾಗಲೂ ಇದಕ್ಕೆ ಬೇಕಾಗುವುದು ಹದಿನೈದು ವ್ಯಾಟ್‌ನ ಆಸುಪಾಸು. ಕಂಪ್ಯೂಟರಿನ 600 ವಿಎ ಯುಪಿಎಸ್ಸಿಗೆ ಧಾರಾಳವಾಗಿ ಜೋಡಿಸಬಹುದು, ಜೋಡಿಸಲೇಬೇಕು.

ಲೇಸರ್ ಇದಕ್ಕೆ ಪೂರ್ತಿ ಉಲ್ಟಾ. ಪುಡಿಯನ್ನು ಕಾಯಿಸಿ ಹಾಳೆಗೆ ಅಂಟಿಸುವ ಫ್ಯೂಸರ್ ಬಿಸಿಯಾಗುವಾಗ ಕ್ಷಣಕಾಲ ಸಾವಿರ ವ್ಯಾಟ್ ಹತ್ತಿರ ಎಳೆಯುತ್ತದೆ. ಅದೇ ಯುಪಿಎಸ್ಸಿಗೆ ಹಾಕಿದರೆ ಯುಪಿಎಸ್ ಕೂಗಿ ಆಫ್ ಆಗುತ್ತದೆ, ಜೊತೆಗೆ ಕಂಪ್ಯೂಟರೂ. ಮನೆಯ ಸಣ್ಣ ಇನ್ವರ್ಟರಿಗೂ ಬೇಡ, ನೇರ ಗೋಡೆಯ ಪ್ಲಗ್ಗಿಗೆ ಕೊಡಿ. ಕರೆಂಟು ಹೋದಾಗ ಲೇಸರ್‌ಗೆ ರಜೆ ಎಂದೇ ಲೆಕ್ಕ. ಒಳಗೆ ಸಿಕ್ಕಿಕೊಂಡ ಹಾಳೆಯನ್ನು ಮುಂದಿನ ಬಾಗಿಲು ತೆರೆದು, ಡ್ರಮ್ ಹೊರತೆಗೆದು ಎಳೆಯಬೇಕು. ಫ್ಯೂಸರ್ ಬಿಸಿ ಇರುತ್ತದೆ, ಕೈ ಜಾಗ್ರತೆ.

ಹೆಡ್ ಕಟ್ಟದಿರಲು ವಾರಕ್ಕೊಮ್ಮೆ ನಾಲ್ಕು ಬಣ್ಣವೂ ಇರುವ ಒಂದು ಪುಟ ತೆಗೆಯಿರಿ, ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ಗೆರೆ ಬಂದರೆ ಮೊದಲು ತೂತುಗಳನ್ನು ಪರೀಕ್ಷಿಸುವ ನೋಝಲ್ ಚೆಕ್, ಆಮೇಲೆ ಹೆಡ್ ಕ್ಲೀನಿಂಗ್. ಮೂರು ಸಲ ಮಾಡಿಯೂ ಸರಿಯಾಗದಿದ್ದರೆ ನಿಲ್ಲಿಸಿ ಹನ್ನೆರಡು ಗಂಟೆ ಹಾಗೇ ಬಿಡಿ. ಎಷ್ಟೋ ಸಲ ಗಟ್ಟಿಯಾದ ಶಾಯಿ ಆ ಹೊತ್ತಿನಲ್ಲಿ ತಾನೇ ಕರಗುತ್ತದೆ. ಕೊನೆಯ ಅಸ್ತ್ರ ಪವರ್ ಕ್ಲೀನಿಂಗ್. ಅದಕ್ಕೆ ಪ್ರತಿ ಟ್ಯಾಂಕಿನಲ್ಲೂ ಮೂರನೇ ಒಂದು ಭಾಗವಾದರೂ ಶಾಯಿ ಇರಲೇಬೇಕು, ಇಲ್ಲದಿದ್ದರೆ ಕೊಳವೆಗೆ ಗಾಳಿ ಹೊಕ್ಕು ಇದ್ದದ್ದೂ ಹಾಳಾಗುತ್ತದೆ. ಸಿಟ್ಟಿನಲ್ಲಿ ಸಾಲಾಗಿ ಹತ್ತು ಸಲ ಕ್ಲೀನಿಂಗ್ ಒತ್ತುವವರಿದ್ದಾರೆ. ಅಷ್ಟೂ ಶಾಯಿ ಕೆಳಗಿನ ವೇಸ್ಟ್ ಪ್ಯಾಡಿಗೆ ಹೋಗುತ್ತದೆ. ಪ್ಯಾಡಿನ ಲೆಕ್ಕ ಮುಗಿದ ದಿನ ಯಂತ್ರ ನಿಂತು ಸರ್ವೀಸ್ ಕೇಳುತ್ತದೆ.

ಇನ್ನು ಕಾಗದ. ಕರಾವಳಿಯ ಹೊರಗಿನವರು ಬರೆದ ವಿಮರ್ಶೆಗಳಲ್ಲಿ ಈ ವಿಷಯ ಹೆಚ್ಚಾಗಿ ಸಿಗುವುದಿಲ್ಲ. ಜೂನ್ ಬಂತೆಂದರೆ ತೆರೆದಿಟ್ಟ ರೀಮ್, ಡಬ್ಬದ ಮುಚ್ಚಳ ಹಾಕದ ಹಪ್ಪಳದಂತೆ ಮೆತ್ತಗಾಗುತ್ತದೆ. ಅಂಥ ಹಾಳೆ ಲೇಸರ್ ಒಳಗೆ ಹೋದರೆ ಹೊರಬರುವಾಗ ಸುರುಳಿಯಾಗುತ್ತದೆ, ಕೆಲವೊಮ್ಮೆ ಹಬೆಯೇ ಕಾಣುತ್ತದೆ. ಒದ್ದೆ ಹಾಳೆಯಲ್ಲಿ ಟೋನರ್ ಸರಿಯಾಗಿ ಕೂರುವುದಿಲ್ಲ, ಅಕ್ಷರ ಮಾಸಲು, ಉಜ್ಜಿದರೆ ಪುಡಿ. ಎರಡೆರಡು ಹಾಳೆ ಅಂಟಿ ಹೋಗುವುದು, ಜ್ಯಾಮ್ ಆಗುವುದು ಬೇರೆ. ಜನ ಟೋನರ್ ಬದಲಿಸುತ್ತಾರೆ, ಬದಲಿಸಬೇಕಾದದ್ದು ಹಾಳೆ. ಪರೀಕ್ಷೆ ಸುಲಭ: ಹೊಸ ರೀಮ್ ಒಡೆದು ಹತ್ತು ಹಾಳೆ ಹಾಕಿ ನೋಡಿ.

ಬ್ರದರ್‌ನ ಟ್ರೇಯಲ್ಲಿ 250 ಹಾಳೆ ಹಿಡಿಯುತ್ತದೆ, ಮಳೆಗಾಲದಲ್ಲಿ ಐವತ್ತಕ್ಕಿಂತ ಹೆಚ್ಚು ತುಂಬಬೇಡಿ. ಉಳಿದದ್ದನ್ನು ಅದರದ್ದೇ ಹೊದಿಕೆಯಲ್ಲಿ ಸುತ್ತಿ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿಡಿ. ಸಿಮೆಂಟ್ ನೆಲದ ಮೇಲೆ ರೀಮ್ ಪೇರಿಸಬೇಡಿ, ತೇವ ಕೆಳಗಿನಿಂದ ಏರುತ್ತದೆ. ತೆಳ್ಳಗಿನ 70 ಜಿಎಸ್‌ಎಮ್‌ಗಿಂತ 75 ಜಿಎಸ್‌ಎಮ್ ಹಾಳೆ ಮಳೆಗಾಲದಲ್ಲಿ ಕಡಿಮೆ ಸುರುಳಿಯಾಗುತ್ತದೆ.

ಮಳೆಯ ಇನ್ನೊಂದು ಮುಖ ಹೊರಗೆ. 003 ಶಾಯಿ ಡೈ ಜಾತಿಯದ್ದು, ನೀರು ಬಿದ್ದರೆ ಹರಡುತ್ತದೆ. ಕೊಡೆ ಹಿಡಿದು ವಿಲೇಜ್ ಆಫೀಸಿಗೆ ಹೊರಟ ಅರ್ಜಿಯ ಮೂಲೆಗೆ ಒಂದು ಹನಿ ಬಿದ್ದರೆ ಸರ್ವೆ ನಂಬ್ರ ನೀಲಿಗಪ್ಪು ಕಲೆಯಾಗುತ್ತದೆ. ಲೇಸರ್ ಅಕ್ಷರ ಪ್ಲಾಸ್ಟಿಕ್ ಕರಗಿ ಅಂಟಿದ್ದು, ಹಾಳೆ ಒದ್ದೆಯಾದರೂ ಅಕ್ಷರ ಅಲುಗುವುದಿಲ್ಲ. ದಾಖಲೆಗೆ ಲೇಸರ್ ಎನ್ನಲು ಇದೊಂದೇ ಕಾರಣ ಸಾಕು. ಟ್ಯಾಂಕೇ ಬೇಕೆನ್ನುವವರು ಕಪ್ಪು ಶಾಯಿ ನೀರಿಗೆ ಸುಲಭವಾಗಿ ಹರಡದ ಪಿಗ್ಮೆಂಟ್ ಜಾತಿಯದ್ದಾದ ಮಾದರಿ ನೋಡಬಹುದು. ಕ್ಯಾನನ್ ಜಿ2010ದ ಕಪ್ಪು ಅಂಥದ್ದು.

ಕನ್ನಡ ಅಕ್ಷರದ ಬಗ್ಗೆ ಒಂದು ಮಾತು. ಶಾಯಿ ಉಳಿಸುವ ಡ್ರಾಫ್ಟ್ ಅಥವಾ ಟೋನರ್ ಸೇವ್ ಇಟ್ಟು ತುಂಗಾ ಫಾಂಟಿನಲ್ಲಿ 11 ಸೈಜಿನ ಪ್ರಶ್ನೆಪತ್ರಿಕೆ ತೆಗೆದರೆ ಮೊದಲು ಕಾಣೆಯಾಗುವುದು ಒತ್ತಕ್ಷರ. ‘ಲಕ್ಷ್ಮಿ’ಯ ಕೆಳಗಿನ ಮ ಒತ್ತು ಒಂದು ಚುಕ್ಕೆಯಾಗಿ ಉಳಿಯುತ್ತದೆ. 600 ಡಿಪಿಐ, ಟೋನರ್ ಸೇವ್ ಆಫ್, 13 ಸೈಜು: ಇಷ್ಟಿದ್ದರೆ ಕೊನೆಯ ಬೆಂಚಿನ ಮಗುವಿಗೂ ಓದಲು ಬರುತ್ತದೆ. ನುಡಿ ಫಾಂಟಿನ ಹಳೆಯ ಕಡತ ಬೇರೆ ಕಂಪ್ಯೂಟರಿಗೆ ಹೋದರೆ ಇಂಗ್ಲಿಷ್ ಚಿಹ್ನೆಗಳ ಸಂತೆಯಾಗುವುದು ಗೊತ್ತಿದ್ದದ್ದೇ, ಆದ್ದರಿಂದ ಬರೆದ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ ತನ್ನಿ. ಕನ್ನಡ, ಮಲಯಾಳ ಎರಡೂ ಇರುವ ನಮೂನೆಯ ಪಿಡಿಎಫ್ ಪರದೆಯಲ್ಲಿ ಸರಿಯಿದ್ದು ಹಾಳೆಯಲ್ಲಿ ಮಾತ್ರ ಒತ್ತು ಒಡೆದರೆ, ಅಡೋಬಿ ರೀಡರಿನ ಪ್ರಿಂಟ್ ಕಿಟಕಿಯಲ್ಲಿ ಅಡ್ವಾನ್ಸ್‌ಡ್ ಒತ್ತಿ ‘ಪ್ರಿಂಟ್ ಆ್ಯಸ್ ಇಮೇಜ್’ ಆರಿಸಿ. ನಿಧಾನವಾದರೂ ಸರಿ ಬರುತ್ತದೆ.

ಫೋಟೋದಲ್ಲಿ ಟ್ಯಾಂಕಿಗೆ ಎದುರಿಲ್ಲ. 4×6 ಇಂಚಿನ ಗ್ಲಾಸಿ ಹಾಳೆಯಲ್ಲಿ 3.5×4.5 ಸೆಂಟಿಮೀಟರಿನ ಎಂಟು ಫೋಟೋ ಕೂರುತ್ತವೆ. ಆ ಗ್ಲಾಸಿ ಹಾಳೆ ತಪ್ಪಿಯೂ ಲೇಸರಿಗೆ ಹೋಗಬಾರದು; ಲೇಪ ಕರಗಿ ಫ್ಯೂಸರಿಗೆ ಅಂಟಿದರೆ ರಿಪೇರಿಯ ಬಿಲ್ಲು ದೊಡ್ಡದು.

ಲೇಸರ್‌ನ ಆರೈಕೆ ಕಡಿಮೆ. ಹಾಳೆಯ ಉದ್ದಕ್ಕೂ ಗೆರೆ ಬಂದರೆ ಡ್ರಮ್ಮಿನ ಹಸಿರು ಗುಬುಟನ್ನು ಐದಾರು ಸಲ ಆಚೆ ಈಚೆ ಜಾರಿಸಿ, ಮತ್ತೆ ಬಾಣದ ಗುರುತಿಗೇ ತಂದು ನಿಲ್ಲಿಸಿ. ಅದು ನಡುವೆ ನಿಂತರೆ ಹೊಸ ಗೆರೆ ಬರುತ್ತದೆ. ಒಂದೇ ಕಪ್ಪು ಚುಕ್ಕೆ ಪ್ರತಿ 94 ಮಿಲಿಮೀಟರಿಗೆ ಬೀಳುತ್ತಿದ್ದರೆ ತಪ್ಪು ಡ್ರಮ್ಮಿನದ್ದು, ಟೋನರ್ ಬದಲಿಸಿ ದುಡ್ಡು ಕಳೆಯಬೇಡಿ. ಎರಡೂ ಬದಿ ತಾನೇ ಪ್ರಿಂಟ್ ಮಾಡುವ ಸೌಲಭ್ಯ ಇದರಲ್ಲಿದೆ, ಎಲ್3250ದಲ್ಲಿಲ್ಲ. ವೈಫೈ ಮಾತ್ರ ಎಲ್3250ಕ್ಕಿದೆ, ಬ್ರದರ್‌ನ ಈ ಮಾದರಿಗೆ ಯುಎಸ್‌ಬಿ ಒಂದೇ ದಾರಿ. ವಾಟ್ಸಾಪ್‌ನಲ್ಲಿ ಬಂದದ್ದನ್ನು ಫೋನಿನಿಂದಲೇ ತೆಗೆಯುವವರಿಗೆ ಇದು ಕಿರಿಕಿರಿ. ಮೇ, ಅಕ್ಟೋಬರ್ ತಿಂಗಳ ಸಂಜೆ ಗುಡುಗು ಕೇಳಿಸಿದರೆ ಪ್ಲಗ್ಗಿನ ಜೊತೆ ಯುಎಸ್‌ಬಿ ಕೇಬಲನ್ನೂ ಕಳಚಿ.

ಕೊಳ್ಳುವ ಮೊದಲು ಅಂಗಡಿಯವರಲ್ಲಿ 671ರಿಂದ ಶುರುವಾಗುವ ನಮ್ಮ ಪಿನ್‌ಕೋಡಿಗೆ ಮನೆಗೆ ಬಂದು ಸರ್ವೀಸ್ ಕೊಡುತ್ತಾರೋ, ಯಂತ್ರ ಹೊತ್ತುಕೊಂಡು ಹೋಗಬೇಕೋ, ಹೋಗುವುದಾದರೆ ಮಂಗಳೂರಿಗೋ ಕಣ್ಣೂರಿಗೋ ಎಂದು ಕೇಳಿ. ಮಂಜೇಶ್ವರದವರಿಗೆ ಮಂಗಳೂರು ಕಣ್ಣಳತೆಯಲ್ಲಿದ್ದರೂ ರಾಜ್ಯ ಬೇರೆ. ಬಿಲ್ಲಿನಲ್ಲಿ ಸೀರಿಯಲ್ ನಂಬ್ರ ಬರೆಸಿ, ಪೆಟ್ಟಿಗೆಯ ಜೊತೆ ಬರುವ ಟೋನರ್ ಪೂರ್ತಿಯದೋ ಅರೆಬರೆಯದೋ ಎಂಬುದನ್ನೂ ಅಲ್ಲೇ ಕೇಳಿಕೊಳ್ಳಿ.