ಪಾರ್ಟ್ಸ್‌ಗೆ ಅಂತ ಹಳೇ ಪದ್ಮಿನಿ ಕೊಳ್ಳುವವರು ದಯವಿಟ್ಟು ಓದಿ

ಮುಂಬಯಿ ಕಡೆ ಪ್ರೀಮಿಯರ್ ಪದ್ಮಿನಿ ಕಾರು ಇಟ್ಟುಕೊಂಡಿರುವ ಕನ್ನಡದವರು ಯಾರಿದ್ದರೂ ಇದನ್ನು ಪೂರ್ತಿ ಓದಿ. ಪಾರ್ಟ್ಸ್‌ಗೆ ಅಂತ ಹಳೇ ಪದ್ಮಿನಿ ಟ್ಯಾಕ್ಸಿ ಕೊಂಡು ಮೋಸ ಹೋಗಿ, ಮೂರು ವಾರ ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದೆ. ಇವತ್ತು ಬೆಳಿಗ್ಗೆ ಅದೇ ಗಾಡಿಯ ಅದೇ ಫೋಟೋಗಳು ಮತ್ತೆ ಮಾರಾಟಕ್ಕೆ ಬಂದಿವೆ. ಇನ್ನು ಸುಮ್ಮನಿರಲು ಆಗಲ್ಲ.

ನಮ್ಮದು 1989ರ ಗಾಡಿ, ಅಪ್ಪ ತೆಗೆದುಕೊಂಡಿದ್ದು. ಡೊಂಬಿವಲಿಯಿಂದ ಕುಂದಾಪುರಕ್ಕೆ ಎಷ್ಟು ಮೇ ರಜೆಗಳಲ್ಲಿ ಹೋಗಿಬಂದಿದ್ದೇವೋ ಲೆಕ್ಕವಿಲ್ಲ. ಅಪ್ಪ ಹೋದ ಮೇಲೆ ಮಾರಲು ಮನಸ್ಸಾಗಲಿಲ್ಲ. ಎಂಜಿನ್ ಗಟ್ಟಿಯಾಗಿದೆ, ಗೇರ್‌ಬಾಕ್ಸ್ ಹೋಗಿದೆ. ಸೆಕೆಂಡ್ ಹಾಕಿದರೆ ತಾನಾಗಿ ನ್ಯೂಟ್ರಲ್‌ಗೆ ಬೀಳುತ್ತದೆ. ಈ ಗಾಡಿ ಹುಟ್ಟಿದ್ದೇ ಕುರ್ಲಾದಲ್ಲಿ. ಅದೇ ಕುರ್ಲಾದ ಸಿಎಸ್‌ಟಿ ರೋಡಿನ ಹಳೇ ಸಾಮಾನಿನ ಅಂಗಡಿಗಳಲ್ಲಿ ಎರಡು ತಿಂಗಳು ಅಲೆದೆ. ಟ್ಯಾಕ್ಸಿಗಳಿದ್ದ ಕಾಲಕ್ಕೆ ಯಾವ ಗಲ್ಲಿಯಲ್ಲಿ ಕೇಳಿದರೂ ಸಿಗುತ್ತಿದ್ದ ಸಾಮಾನು. 2023ರ ಅಕ್ಟೋಬರ್‌ನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದ ಹೋಯಿತು, ಈಗ ಯಾರೂ ಇಡುವುದಿಲ್ಲ. ಸಿಕ್ಕಿದ್ದು ಒಂದೇ ಒಂದು, ಅದೂ ಫ್ಲೋರ್ ಗೇರ್‌ದು. ನಮ್ಮದು ಸ್ಟೀರಿಂಗ್ ಪಕ್ಕದ ಗೇರ್. ಕೊನೆಗೆ ಮೆಕ್ಯಾನಿಕ್, ‘ಇಡೀ ಗಾಡಿಯನ್ನೇ ತಗೊಂಡ್ಬಿಡಿ ಸರ್, ಗಾಜು, ಬಾಗಿಲು, ಡಿಫರೆನ್ಷಿಯಲ್ ಎಲ್ಲಾ ಮುಂದೆ ಬೇಕಾಗುತ್ತೆ’ ಎಂದ.

ಗೋವಂಡಿ ಕಡೆ ಒಂದು ಹಳೇ ಟ್ಯಾಕ್ಸಿ ಇದೆ ಅಂತ ಗೊತ್ತಾಯಿತು. ಹೆಂಡತಿ, ನಾನು ಇಬ್ಬರೂ ಹೋದೆವು. ನಾವು ಮಾತಾಡಿಕೊಳ್ಳುವುದು ಕೇಳಿ ಮಾರುವವನು, ‘ನೀವ್ ಕನ್ನಡದವ್ರೇನ್ರಿ? ನಾವೂ ವಿಜಾಪುರದ ಕಡೇವ್ರ’ ಎಂದ. ಅಲ್ಲೇ ನಾನು ಬಿದ್ದಿದ್ದು. ಚಹಾ ತರಿಸಿದ, ಊರಿನ ಮಾತಾಡಿದ. ಗಾಡಿ ಸ್ಟಾರ್ಟ್ ಆಯಿತು. ನಾನೇ ಕೂತು ನಾಲ್ಕೂ ಗೇರ್ ಹಾಕಿ ನೋಡಿದೆ, ಅಂಗಳದಲ್ಲೇ ಹಿಂದೆ ಮುಂದೆ ಓಡಿಸಿದೆ. ಗೇರ್ ಚೆನ್ನಾಗಿ ಕೂರುತ್ತಿತ್ತು. ನಾನೇ ನೋಡಿದ್ದೇನೆ, ನನ್ನ ಕೈಯಲ್ಲೇ ನೋಡಿದ್ದೇನೆ! 48,000ಕ್ಕೆ ಮಾತಾಯಿತು. ಪೂರ್ತಿ ದುಡ್ಡು ಅವತ್ತೇ ಕೊಟ್ಟೆ. ‘ನಾಳೆ ಟೋಯಿಂಗ್ ಗಾಡಿಗೆ ಹಾಕಿ ಕಳಸ್ತೀನ್ರಿ’ ಎಂದವನು ಕಳಿಸಿದ್ದು ಐದನೇ ದಿನ ಸಂಜೆ.

ಮರುದಿನ ಬೆಳಿಗ್ಗೆ ನಮ್ಮ ಸೊಸೈಟಿ ಕಾಂಪೌಂಡಿನಲ್ಲೇ ಬಿಚ್ಚಿಸಿದೆ. ಗೇರ್‌ಬಾಕ್ಸ್ ಇಳಿಸುವಾಗ ಕೆಳಗೆ ಜ್ಯಾಕ್ ಕೊಡಬೇಕು, ಇನ್ನೊಬ್ಬ ಹಿಡಿಯಬೇಕು. ಮೆಕ್ಯಾನಿಕ್ ಒಬ್ಬನೇ ಅದನ್ನು ಎದೆ ಮೇಲೆ ಇಟ್ಟುಕೊಂಡು ಗಾಡಿ ಕೆಳಗಿಂದ ಜಾರಿ ಬಂದ. ‘ಇದೇನ್ ಸರ್, ಇಷ್ಟು ಹಗುರ?’ ಎಂದ. ಮುಚ್ಚಳ ತೆಗೆದರೆ ಒಳಗೆ ಏನೂ ಇಲ್ಲ. ಒಂದು ಗೇರ್ ಇಲ್ಲ, ಶಾಫ್ಟ್ ಇಲ್ಲ. ಬರೀ ಖಾಲಿ ಡಬ್ಬಿ. ಸುತ್ತ ವರ್ಷಗಟ್ಟಲೆಯ ಜಿಡ್ಡು ಮೆತ್ತಿದೆ, ಬೋಲ್ಟ್‌ಗಳ ತಲೆ ಮಾತ್ರ ಹೊಸ ಪಾನಾ ಬಿದ್ದು ಪಳಪಳ ಅನ್ನುತ್ತಿದೆ. ಒಳಗಿನದ್ದೆಲ್ಲ ತೆಗೆದು, ಡಬ್ಬಿಯನ್ನು ಮತ್ತೆ ನೀಟಾಗಿ ಕೂರಿಸಿ ಕಳಿಸಿದ್ದಾರೆ. ಬಾಲ್ಕನಿಯಿಂದ ನಾಲ್ಕು ಜನ ನೋಡುತ್ತಿದ್ದರು, ಮಗ ಪಕ್ಕದಲ್ಲೇ ನಿಂತಿದ್ದ. ಮೆಕ್ಯಾನಿಕ್ ನನ್ನ ಮುಖ ನೋಡಲಿಲ್ಲ. ಕಾರ್ಬ್ಯುರೇಟರ್ ಕೂಡ ಬದಲಾಗಿದ್ದು ಆಮೇಲೆ ಗೊತ್ತಾಯಿತು, ಅಷ್ಟೊತ್ತಿಗೆ ಅದು ದೊಡ್ಡ ವಿಷಯ ಅನ್ನಿಸಲಿಲ್ಲ.

ಫೋನ್ ಮಾಡಿದೆ. ಮೊದಲು, ‘ಹಂಗಾಗಾಕ ಸಾಧ್ಯಾನ ಇಲ್ರಿ.’ ಫೋಟೋ ಕಳಿಸಿದೆ. ‘ಸ್ಕ್ರಾಪ್ ಗಾಡಿ ಐತ್ರಿ ಅದು, ಇದ್ದಂಗ ಕೊಟ್ಟೀನಿ. ನೀವ ನೋಡಿ ತಗೊಂಡೀರಿ.’ ಹೌದು, ನಾನೇ ನೋಡಿದೆ, ನೋಡಿದಾಗ ಗೇರ್ ಇತ್ತಲ್ಲ ಎಂದೆ. ಅದಕ್ಕೆ ಬಂದ ಉತ್ತರ: ‘ರಾತ್ರಿ ನಿಮ್ಮ ಮೆಕ್ಯಾನಿಕ್ ಏನ್ ತಗದಾನ ಕೇಳ್ರಿ ಮೊದಲ.’ ಇಪ್ಪತ್ತೆರಡು ವರ್ಷದಿಂದ ನಮ್ಮ ಗಾಡಿ ನೋಡಿಕೊಳ್ಳುತ್ತಿರುವವನ ಬಗ್ಗೆ ಈ ಮಾತು! ಪೊಲೀಸ್‌ಗೆ ಹೋಗುತ್ತೇನೆ ಎಂದದ್ದಕ್ಕೆ, ‘ಹೋಗ್ರಿ. ಗಾಡಿ ನಿಮ್ಮ ಹೆಸರಿಗೆ ಐತೇನು?’ ಅದೇ ಕೊನೆ. ಆಮೇಲೆ ಬ್ಲಾಕ್.

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊಟ್ಟಿದ್ದು ಆರ್‌ಸಿ ಜೆರಾಕ್ಸ್, ಅದರಲ್ಲಿರುವುದು ಬೇರೆ ಯಾರದೋ ಹೆಸರು, ನೋಂದಣಿ ರದ್ದಾಗಿಲ್ಲ. ಗಾಡಿ ಮತ್ತೆ ಓಡಲಾರದ ಸ್ಥಿತಿಗೆ ಬಂದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ನಿನಲ್ಲೇ ಇದೆ. ಪಾರ್ಟ್ಸ್‌ಗೆ ತಾನೇ ಅಂತ ನಾನು ಕಾಗದ ಕೇಳಲೇ ಇಲ್ಲ. ಈಗ ಬೇರೆಯವರ ನಂಬರಿನ ಚಾಸಿ ನಮ್ಮ ಕಾಂಪೌಂಡಿನಲ್ಲಿದೆ, ಸೊಸೈಟಿ ಸೆಕ್ರೆಟರಿ ದಿನಾ ಕೇಳುತ್ತಾರೆ.

ನೋಡಿದ ದಿನವೇ ಟೋಯಿಂಗ್ ಗಾಡಿ ಜೊತೆಗೆ ಕರೆದುಕೊಂಡು ಹೋಗಿ. ಕೊಂಡ ಗಾಡಿ ನಿಮ್ಮ ಟೋಯಿಂಗ್ ಗಾಡಿ ಮೇಲೆ ಹತ್ತುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಒಂದು ರಾತ್ರಿ ಕೂಡ ಅವರ ಹತ್ತಿರ ಬಿಡಬೇಡಿ. ನಮ್ಮ ಭಾಷೆಯವನು ಅಂತ ಕಾಗದ ಕೇಳುವುದು ಬಿಡಬೇಡಿ.

ಅವನು ಈಗ ಮತ್ತೆ ಮಾರಾಟಕ್ಕೆ ಹಾಕಿರುವ ಬೆಲೆ 55,000. ಕಪ್ಪು ಹಳದಿ ಬಣ್ಣ, ಎಡಗಡೆ ಹೆಡ್‌ಲೈಟಿನ ರಿಂಗ್ ಸೀಳಿದೆ, ಡ್ಯಾಶ್‌ಬೋರ್ಡ್ ಮೇಲೆ ಅರ್ಧ ಹರಿದ ಗಣಪತಿ ಸ್ಟಿಕ್ಕರ್. ಆ ಫೋಟೋ ಕಂಡರೆ ಅಡ್ವಾನ್ಸ್ ಕಳಿಸಬೇಡಿ. ಆ ಗಾಡಿ ಅವನ ಹತ್ತಿರ ಇಲ್ಲ. ಡೊಂಬಿವಲಿಯಲ್ಲಿ, ನಮ್ಮ ಬಿಲ್ಡಿಂಗಿನ ಕೆಳಗೆ ನಿಂತಿದೆ.