ಬಿಸಿಲಿನ ಏರುಮಡಿಗೆ 12 ಸಸಿಗಳ ಕಿಟ್: ನೆಡಬೇಕಾದ್ದು ಅರ್ಧ ಮಾತ್ರ

4 ಅಡಿ ಉದ್ದ, 2 ಅಡಿ ಅಗಲದ ಏರುಮಡಿಗೆಂದೇ (ನೆಲಕ್ಕಿಂತ ಎತ್ತರಿಸಿದ ಮಣ್ಣಿನ ಪಾತಿ) ಜೋಡಿಸಿದ ಸಸಿ ಕಿಟ್ ಇದು. ಎರಡು ಟೊಮೆಟೊ, ಎರಡು ಮೆಣಸಿನಕಾಯಿ, ಒಂದು ಬದನೆ, ಎರಡು ಕಾಮಕಸ್ತೂರಿ, ಎರಡು ಕೊತ್ತಂಬರಿ, ಒಂದು ಪುದೀನ, ಎರಡು ಚೆಂಡುಹೂ. ಸಸಿಗಳ ಗುಣಮಟ್ಟಕ್ಕೆ ಪೂರ್ತಿ ಅಂಕ ಕೊಡಬಹುದು: ಕಾಂಡ ಗಿಡ್ಡ, ದಪ್ಪ, ಟ್ರೇಯಿಂದ ಎತ್ತಿದರೆ ಬೇರು ಬೆಳ್ಳಗಿದೆ, ತಳದಲ್ಲಿ ಸುರುಳಿ ಸುತ್ತಿಲ್ಲ. ಆಯ್ಕೆಗೆ ಮಾತ್ರ ಅರ್ಧ ಅಂಕ.

ಲೆಕ್ಕ ಹಾಕಿ ನೋಡಿ. ಮಡಿ ಇರುವುದೇ 8 ಚದರ ಅಡಿ. ಟೊಮೆಟೊಗೆ ಒಂದೂವರೆ ಅಡಿ ಅಂತರ ಬೇಕು, ಅಂದರೆ ಗಿಡವೊಂದಕ್ಕೆ ಎರಡೂಕಾಲು ಚದರ ಅಡಿ. ಬದನೆಗೆ ಎರಡಡಿ, ಅದೊಂದೇ ಅರ್ಧ ಮಡಿ ನುಂಗುತ್ತದೆ. ಈ ಮೂರು ಗಿಡಕ್ಕೇ ಜಾಗ ಮುಗಿಯಿತು, ಇನ್ನೂ ಒಂಬತ್ತು ಉಳಿದಿವೆ! ನೆಟ್ಟ ದಿನ ಮಡಿ ಖಾಲಿ ಖಾಲಿ ಕಾಣುವುದರಿಂದ ಎಲ್ಲವನ್ನೂ ತುರುಕುವ ಆಸೆಯಾಗುತ್ತದೆ. ಎರಡು ತಿಂಗಳಲ್ಲಿ ಎಲೆಗೆ ಎಲೆ ತಾಗಿ ಗಾಳಿಯಾಡುವುದಿಲ್ಲ, ತೇವ ಆರುವುದಿಲ್ಲ, ಶಿಲೀಂಧ್ರ ರೋಗ ಕೆಳಗಿನ ಎಲೆಯಿಂದ ಶುರುವಾಗುತ್ತದೆ.

ಒಂದು ಟೊಮೆಟೊ, ಎರಡು ಮೆಣಸು, ಒಂದು ಕಾಮಕಸ್ತೂರಿ, ಅಂಚಿಗೆ ಎರಡು ಚೆಂಡುಹೂ: ಇಷ್ಟು ಸಾಕು. ಉತ್ತರ ಗೋಳಾರ್ಧದಲ್ಲಾದರೆ ಟೊಮೆಟೊ ಉತ್ತರದ ಅಂಚಿಗಿರಲಿ, ಅದರ ನೆರಳು ಉಳಿದವುಗಳ ಮೇಲೆ ಬೀಳಬಾರದು. ಮೆಣಸಿಗೆ ಒಂದೂಕಾಲು ಅಡಿ, ಕಾಮಕಸ್ತೂರಿಗೆ ಒಂದಡಿ ಬಿಡಿ. ಬದನೆಯೇ ಬೇಕೆನ್ನುವವರು ಟೊಮೆಟೊ ಕೈಬಿಡಬೇಕು, ಜೊತೆಗೆ ಒಂದು ಮೆಣಸನ್ನೂ.

ಕೊತ್ತಂಬರಿ ಈ ಕಿಟ್‌ನಲ್ಲಿ ಯಾಕಿದೆಯೋ ತಿಳಿಯದು. ಅದರದು ತಾಯಿಬೇರು, ಕಿತ್ತು ನೆಟ್ಟರೆ ಸೊರಗುತ್ತದೆ. ಸುಡುಬಿಸಿಲಿಗೆ ಸಾಕಷ್ಟು ಎಲೆ ಬಿಡುವ ಮೊದಲೇ ಹೂಗೊಂಚಲು ಏರಿಸುತ್ತದೆ. ಅರೆನೆರಳಿನಲ್ಲಿ ಬೀಜವನ್ನೇ ಬಿತ್ತುವುದು ಸರಿ. ಪುದೀನವಂತೂ ಮಡಿಗೆ ಇಳಿಯಲೇಬಾರದು. ನೆಲದಡಿ ಹಬ್ಬುವ ಕಾಂಡದಿಂದ ಅದು ಇಡೀ ಮಡಿಯನ್ನು ಆಕ್ರಮಿಸುತ್ತದೆ, ಕಿತ್ತಲ್ಲಿ ಉಳಿದ ತುಂಡೂ ಚಿಗುರುತ್ತದೆ. ಅದಕ್ಕೆ ಪ್ರತ್ಯೇಕ ಕುಂಡವೇ ಗತಿ.

ಜೊತೆಗಿರುವ ಸೂಚನಾ ಪತ್ರದಲ್ಲಿ 'ದಿನಕ್ಕೊಮ್ಮೆ ನೀರು' ಎಂದಷ್ಟೇ ಇದೆ. ಏರುಮಡಿಯ ಮಣ್ಣು ನೆಲದ ಮಣ್ಣಿಗಿಂತ ಬೇಗ ಒಣಗುತ್ತದೆ ನಿಜ, ಆದರೆ ಗಡಿಯಾರ ನೋಡಿ ನೀರು ಹಾಕುವುದಲ್ಲ. ಬೆರಳು ಎರಡಿಂಚು ಇಳಿಸಿ, ಒಣಗಿದ್ದರೆ ತಳದವರೆಗೆ ಇಳಿಯುವಂತೆ ಹಾಕಿ. ಒಮ್ಮೆ ಒಣಗಿಸಿ, ಒಮ್ಮೆ ನೆನೆಸಿದರೆ ಟೊಮೆಟೊ ಕಾಯಿಯ ತುದಿ ಕಪ್ಪಾಗಿ ಕೊಳೆಯುತ್ತದೆ. ಅದು ಕೀಟವಲ್ಲ, ನೀರಿನ ಏರುಪೇರಿನಿಂದ ಕಾಯಿಗೆ ಕ್ಯಾಲ್ಸಿಯಂ ತಲುಪದಿರುವುದು. ಔಷಧಿ ಹೊಡೆದು ಪ್ರಯೋಜನವಿಲ್ಲ, ಎರಡಿಂಚು ಒಣಹುಲ್ಲು ಹೊದಿಸಿದರೆ ತೇವ ಸಮನಾಗಿ ನಿಲ್ಲುತ್ತದೆ.

ಕಿಟ್‌ನ ದೊಡ್ಡ ಕೊರತೆ ಚೀಟಿಗಳಲ್ಲಿದೆ. 'ಟೊಮೆಟೊ', 'ಚೆಂಡುಹೂ' ಎಂದಿದೆ ಹೊರತು ತಳಿಯ ಹೆಸರಿಲ್ಲ. ಕುಳ್ಳ ಫ್ರೆಂಚ್ ಚೆಂಡುಹೂ ಒಂದಡಿಯೊಳಗೇ ನಿಲ್ಲುತ್ತದೆ, ಆಫ್ರಿಕನ್ ಜಾತಿಯದು ಮೂರಡಿ ಏರಿ ಮೆಣಸನ್ನೇ ಮರೆಮಾಡಬಹುದು. ಟೊಮೆಟೊ ಪೊದೆ ತಳಿಯಾದರೆ ಮೂರ್ನಾಲ್ಕು ಅಡಿಯ ಕೋಲು ಸಾಕು; ಬಳ್ಳಿಯಂತೆ ಬೆಳೆಯುತ್ತಲೇ ಇರುವ ತಳಿಯಾದರೆ ಆರಡಿ ಕೋಲು ಬೇಕು, ಎಲೆಕಂಕುಳಿನ ಚಿಗುರನ್ನು ವಾರವಾರ ಚಿವುಟಬೇಕು. ಕೊಳ್ಳುವ ಮೊದಲು ಇವೆರಡರ ತಳಿ ಕೇಳಿ. ಮಾರುವವರಿಗೂ ಗೊತ್ತಿಲ್ಲದಿದ್ದರೆ ಬೇಕಾದ ಆರು ಸಸಿಗಳನ್ನು ಬಿಡಿಯಾಗಿ ಕೊಳ್ಳಿ.