ಕುದಿನೀರಿಗೆ ಯಾವ ಬಾಟಲಿ? ಹೊಯ್ದು ನೋಡಿದ ಹೋಲಿಕೆ

ಪ್ಲಾಸ್ಟಿಕ್ ಬಾಟಲಿ ಕೈಗೆ ಬಂದರೆ ನಾನು ಮೊದಲು ತಳ ನೋಡುತ್ತೇನೆ. ತ್ರಿಕೋನದೊಳಗೆ 1 ಅಂತ ಇದ್ದರೆ ಪೆಟ್, 5 ಅಂತ ಇದ್ದರೆ ಪಾಲಿಪ್ರೊಪಿಲೀನ್. ಎರಡೂ ಪ್ಲಾಸ್ಟಿಕ್ಕೇ, ಆದರೆ ಕುದಿನೀರು ಬಿದ್ದಾಗ ಎರಡರ ವರ್ತನೆಯೇ ಬೇರೆ.

ತೆಳ್ಳಗಿನ ಪೆಟ್ ಬಾಟಲಿಯನ್ನು ಸಿಂಕಿನಲ್ಲಿಟ್ಟು ಕುದಿನೀರು ಹೊಯ್ದೆ. ನೋಡ್ತಾ ನೋಡ್ತಾ ಅದು ಸೊಟ್ಟಗಾಗಿ ಕುಗ್ಗಿತು. ತಿರುಪು ಇರುವ ಕತ್ತು ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿಯಿತು. ಯಾಕೆ? ಬಾಟಲಿ ಮಾಡುವಾಗ ಮೈಭಾಗವನ್ನು ಬಿಸಿಯಲ್ಲಿ ಎಳೆದು, ಗಾಳಿ ಊದಿ ಹಿಗ್ಗಿಸಿ, ತಣಿಸುತ್ತಾರೆ. ಉದ್ದುದ್ದ ಅಣುಸರಪಳಿಗಳು ಎಳೆದ ಸ್ಥಿತಿಯಲ್ಲೇ ಸಿಕ್ಕಿಕೊಳ್ಳುತ್ತವೆ. ಸುಮಾರು 75 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅವು ಅಲುಗಾಡತೊಡಗುತ್ತವೆ, ಮತ್ತೆ ಮುದುಡಿಕೊಳ್ಳುತ್ತವೆ. ಕತ್ತನ್ನು ಹಾಗೆ ಎಳೆದಿರುವುದಿಲ್ಲ, ದಪ್ಪವೂ ಜಾಸ್ತಿ. ಸರಪಳಿಯೊಳಗಿನ ಗಟ್ಟಿ ಬಂಧಗಳು ಇಲ್ಲಿ ಮುರಿದಿಲ್ಲ. ಸೋತದ್ದು ಸರಪಳಿಗಳ ನಡುವಿನ ದುರ್ಬಲ ಸೆಳೆತ. ನನಗೆ ಇಡೀ ಹೋಲಿಕೆಯಲ್ಲಿ ತುಂಬಾ ಹಿಡಿಸಿದ್ದು ಇದೇ.

ಪಾಲಿಪ್ರೊಪಿಲೀನ್ ಸ್ವಲ್ಪ ಮೆತ್ತಗಾಯಿತು, ಆಕಾರ ಬಿಡಲಿಲ್ಲ. ಇದರ ಸರಪಳಿಯ ಪಕ್ಕಕ್ಕೆ ಅಂಟಿಕೊಂಡ ಪರಮಾಣು ಗುಂಪುಗಳೆಲ್ಲ ಹೆಚ್ಚಾಗಿ ಒಂದೇ ಕ್ರಮದಲ್ಲಿರುತ್ತವೆ. ಹಾಗಾಗಿ ಸರಪಳಿಗಳು ಒತ್ತಾಗಿ ಜೋಡಿಸಿಕೊಂಡು ಪುಟ್ಟ ಹರಳುಗಳಾಗುತ್ತವೆ. ಆ ಹರಳು ಕರಗಲು 160 ಡಿಗ್ರಿ ಆಸುಪಾಸು ಬೇಕು. ಫ್ರೀಜರ್‌ಗೆ ಮಾತ್ರ ಇದು ಬೇಡ. ಸೊನ್ನೆ ಡಿಗ್ರಿ ಹತ್ತಿರ ಹರಳಾಗದ ಭಾಗ ಬಿಗಿದುಕೊಳ್ಳುತ್ತದೆ, ಕೈಜಾರಿ ಬಿದ್ದರೆ ಬಿರುಕು ಬಿಡಬಹುದು.

ಗಾಜಿನಲ್ಲಿ ಸಿಲಿಕಾನ್–ಆಮ್ಲಜನಕದ ಬಂಧ ಎಲ್ಲ ದಿಕ್ಕಿಗೂ ಬಲೆಯಂತೆ ಹರಡಿರುತ್ತದೆ. ಕುದಿನೀರಿನ ಬಿಸಿಗೆ ಮೆತ್ತಗಾಗುವ ಮಾತೇ ಇಲ್ಲ. ಆದರೂ ದಪ್ಪ ತಳದ ಸಾಧಾರಣ ಗಾಜು ಟಪ್ ಅಂತ ಸೀಳಿತು. ಒಳಮೈ ಹಿಗ್ಗಿತು, ಹೊರಮೈ ಇನ್ನೂ ತಣ್ಣಗಿತ್ತು. ಬೋರಾನ್ ಸೇರಿಸಿದ ಬೋರೋಸಿಲಿಕೇಟ್ ಗಾಜು ಹಿಗ್ಗುವುದು ಸಾಧಾರಣ ಗಾಜಿನ ಸುಮಾರು ಮೂರನೇ ಒಂದು ಪಾಲು ಅಷ್ಟೇ, ಅದಕ್ಕೇ ತಡೆದುಕೊಂಡಿತು. ಬಿದ್ದರೆ ಮಾತ್ರ ಅದೂ ಚೂರೇ.

ಸ್ಟೀಲ್ ಬಿದ್ದರೆ ತಗ್ಗಾಗುತ್ತದೆ, ಒಡೆಯಲ್ಲ. ಲೋಹದ ಪರಮಾಣುಗಳು ಎಲೆಕ್ಟ್ರಾನ್‌ಗಳನ್ನು ಒಟ್ಟಾಗಿ ಹಂಚಿಕೊಂಡಿರುವುದರಿಂದ ಅವುಗಳ ಪದರಗಳು ಜಾರಿದರೂ ಬಂಧ ಬಿಡುವುದಿಲ್ಲ. ಅದೇ ಎಲೆಕ್ಟ್ರಾನ್‌ಗಳು ಬಿಸಿಯನ್ನೂ ಬೇಗ ಸಾಗಿಸುತ್ತವೆ. ಹಾಗಾಗಿ ಒಂದೇ ಪದರದ ಬಾಟಲಿಗೆ ಕುದಿನೀರು ಹಾಕಿದರೆ ಬರಿಗೈಲಿ ಹಿಡಿಯೋಕಾಗಲ್ಲ. ಎರಡು ಪದರದ ನಡುವೆ ನಿರ್ವಾತ ಇರುವ ಸ್ಟೀಲ್ ಬಾಟಲಿಗೇ ನನ್ನ ಓಟು. ಮನೆಯಲ್ಲೇ ಇಡುವುದಾದರೆ ಬೋರೋಸಿಲಿಕೇಟ್ ತಗೊಳ್ಳಿ, ಒಳಗೆ ಕೊಳೆ ಕೂತರೂ ಕಣ್ಣಿಗೆ ಕಾಣುತ್ತದೆ.